ಬೂದು ಗುಂಡಿಯ ಪುರಾಣ

ಮೊನ್ನೆ ಭಾನುವಾರ ಬೆಳಗ್ಗೆ ಶಿವಮೊಗ್ಗದಿಂದ ಅಪ್ಪನ ಫೋನು. ಯಾವುದೋ ಜಾಲತಾಣದಲ್ಲಿ ಅರ್ಜಿ ತುಂಬೋಕೆ ಕೂತಿದ್ದರು. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲಾ ತುಂಬಿ ಆಗಿದೆ, ಆದರೆ ಮುಂದಕ್ಕೆ ಹೋಗ್ತಿಲ್ಲ. ನಾನೂ ಇಲ್ಲಿ ಅದೇ ಪುಟ ತೆರೆದು ನೋಡಿದೆ.

"ಕೆಳಗಡೆ ಕಿತ್ತಳೆ ಬಣ್ಣದ ಗುಂಡಿ ಇದೆ ನೋಡಿ ಅಪ್ಪಾ, ಅದನ್ನ ಒತ್ತಿ."

"ಗುಂಡಿ ಎಲ್ಲಿದೆಯೋ? ಒಂದು ಕಿತ್ತಳೆ ಪಟ್ಟಿ ಕಾಣ್ತಿದೆ. ಅದರ ಮೇಲೆ ಏನೂ ಬರೆದಿಲ್ಲ."

ಬರೆದಿತ್ತು. ತೆಳು ಕಿತ್ತಳೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿತ್ತು. ಅಪ್ಪನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನನ್ನು ಮುಂದೂಡುತ್ತಾ ಬಂದಿದ್ದಾರೆ. ನನ್ನ ಕಣ್ಣಿಗೆ "ಚೆನ್ನಾಗಿದೆಯಲ್ಲ" ಅನ್ನಿಸಿದ ಗುಂಡಿ ಅವರ ಕಣ್ಣಿಗೆ ಬರೀ ಪಟ್ಟಿ. ಕೊನೆಗೆ ಫೋನ್ ಇಡುವಾಗ ಒಂದು ಮಾತು ಹೇಳಿದರು: "ಮೊದಲೆಲ್ಲ ಗುಂಡಿ ಅಂದ್ರೆ ಗುಂಡಿ ಥರಾನೇ ಇರ್ತಿತ್ತಪ್ಪ. ಬೂದು ಬಣ್ಣ, ಸ್ವಲ್ಪ ಉಬ್ಕೊಂಡು..."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹೌದಲ್ಲ, ಆ ಬೂದು ಗುಂಡಿ ಎಲ್ಲಿಂದ ಬಂತು? ಅದಕ್ಕೆ ಬಣ್ಣ ಬಳಿಯುವ ಹಕ್ಕು ಯಾರಿಗೆ, ಯಾವಾಗ ಸಿಕ್ಕಿತು? ಇವತ್ತಿನ ಕೊರೆತ ಇದೇ. (ರಸ್ತೆಗುಂಡಿಯ ಬಗ್ಗೆ ಎಂದು ಆಸೆಯಿಂದ ಬಂದ ಬೆಂಗಳೂರಿಗರು ಕ್ಷಮಿಸಬೇಕು :-) )

ಆ ಬೂದು ಬಣ್ಣ ವೆಬ್ಬಿಗಿಂತ ಹಳೆಯದು. ಯುನಿಕ್ಸ್ ಯಂತ್ರಗಳ ಮೋಟಿಫ್, 1990ರಲ್ಲಿ ಬಂದ ವಿಂಡೋಸ್ 3.0 - ಇವುಗಳಲ್ಲೇ ಗುಂಡಿ ಬೂದಾಗಿ, ಉಬ್ಬಿಕೊಂಡು ಇತ್ತು. ಇದರ ಹಿಂದೆ ಒಂದು ಸರಳ ಉಪಾಯ ಇದೆ. ಎಡ-ಮೇಲ್ತುದಿಯಿಂದ ಬೆಳಕು ಬೀಳುತ್ತಿದೆ ಎಂದು ಊಹಿಸಿಕೊಂಡು ಮೇಲಿನ ಮತ್ತು ಎಡಗಡೆಯ ಅಂಚಿಗೆ ಬಿಳಿ ಗೆರೆ, ಕೆಳಗಿನ ಮತ್ತು ಬಲಗಡೆಯ ಅಂಚಿಗೆ ಕಪ್ಪು ಗೆರೆ ಎಳೆದರೆ ಚಪ್ಪಟೆ ಪರದೆಯ ಮೇಲೆ ಒಂದು ಉಬ್ಬು ಹುಟ್ಟುತ್ತದೆ. ಒತ್ತಿದಾಗ ಗೆರೆಗಳನ್ನು ಅದಲು ಬದಲು ಮಾಡಿದರೆ ಒಳಕ್ಕೆ ಹೋದ ಹಾಗೆ ಕಾಣುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಗೆರೆ ಕಾಣುವುದಿಲ್ಲ, ಕಪ್ಪಿನ ಮೇಲೆ ನೆರಳು ಕಾಣುವುದಿಲ್ಲ. ಎರಡೂ ಕಾಣಬೇಕೆಂದರೆ ನಡುವಿನ ಬಣ್ಣವೇ ಆಗಬೇಕು. ಹಾಗಾಗಿ ಬೂದು. ವಿಂಡೋಸ್ 95ರಲ್ಲಿ ಅದು ಕೆಂಪು 192, ಹಸಿರು 192, ನೀಲಿ 192. ಬರೀ ಹದಿನಾರು ಬಣ್ಣ ತೋರಿಸುವ ಪರದೆಗಳ ಮೇಲೂ ಸಿಗುತ್ತಿದ್ದ ಬಣ್ಣ ಅದು.

1993ರಲ್ಲಿ ಮೊಸಾಯಿಕ್ ಬ್ರೌಸರಿಗೆ ಅರ್ಜಿ ನಮೂನೆ ತೋರಿಸುವ ಶಕ್ತಿ ಬಂದಾಗ, ಆ ಬ್ರೌಸರು ಗುಂಡಿಯನ್ನು ತಾನೇ ಬಿಡಿಸಲಿಲ್ಲ. ಕೆಳಗಿದ್ದ ವ್ಯವಸ್ಥೆಗೆ "ಇಲ್ಲೊಂದು ಗುಂಡಿ ಬೇಕು, ಕೊಡು" ಎಂದು ಕೇಳಿತು ಅಷ್ಟೆ. ಅಂದರೆ ಪುಟದ ಅಕ್ಷರ, ಚಿತ್ರ ಎಲ್ಲ ಬರೆದವನದು, ಗುಂಡಿ ಮಾತ್ರ ಯಂತ್ರದ ಸ್ವತ್ತು. ಬಾಡಿಗೆ ಮನೆಗೆ ಬಣ್ಣ ಹೊಡೆಸಬಹುದು, ಗೋಡೆಯ ಮೇಲಿನ ವಿದ್ಯುತ್ ಮೀಟರಿಗೆ ಹೊಡೆಸುವ ಹಾಗಿಲ್ಲ, ಹಾಗೆ! ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದಿನ ಮೂವತ್ತು ವರ್ಷದ ಜಗಳವೆಲ್ಲ ಇಲ್ಲಿಂದಲೇ ಶುರು.

1995ರಲ್ಲಿ ನೆಟ್‌ಸ್ಕೇಪ್ 1.1 ಇಡೀ ಪುಟದ ಹಿನ್ನೆಲೆಗೆ ಬಣ್ಣ ಕೊಡುವ ಅವಕಾಶ ಕೊಟ್ಟಿತು. ಜನ ಹಳದಿ, ನೇರಳೆ, ನಕ್ಷತ್ರ ತುಂಬಿದ ಕಪ್ಪು ಆಕಾಶ ಅಂತ ಹಬ್ಬ ಮಾಡಿದರು. ಆ ಆಕಾಶದ ಮಧ್ಯೆ ಬೂದು ಗುಂಡಿ ಮಾತ್ರ ಹಾಗೇ ತೇಲುತ್ತಿತ್ತು. ಅದೇ ವರ್ಷ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ನಿಯಮಾವಳಿಯಲ್ಲಿ ಅರ್ಜಿ ಕಳಿಸಲು ಸಬ್‌ಮಿಟ್, ಎಲ್ಲ ಅಳಿಸಲು ರೀಸೆಟ್ ಇವೆ, ಆದರೆ ಅವುಗಳ ಬಣ್ಣ ಹೇಳಲು ಏನೂ ಇಲ್ಲ. (ರೀಸೆಟ್ ಗುಂಡಿಯನ್ನು ಬೇಕೆಂದೇ ಒತ್ತಿದವರನ್ನು ನಾನು ಈವರೆಗೂ ನೋಡಿಲ್ಲ. ಒತ್ತಿ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.) ಒಂದು ಕಳ್ಳದಾರಿ ಮಾತ್ರ ಇತ್ತು - ಗುಂಡಿಯ ಬದಲು ಒಂದು ಚಿತ್ರವನ್ನೇ ಇಡಬಹುದಿತ್ತು. ಬಣ್ಣದ ಗುಂಡಿ ಬೇಕಾದವರೆಲ್ಲ ಫೋಟೋಶಾಪಿನಲ್ಲಿ ಗುಂಡಿ ಬರೆದು ಜಿಫ್ ಮಾಡಿ ಅಂಟಿಸಲು ಶುರುಮಾಡಿದರು.

ಇಲ್ಲಿ ನಮ್ಮ ಕನ್ನಡದ್ದೂ ಒಂದು ಕತೆ ಇದೆ. ಯುನಿಕೋಡಿಗೆ ಮುಂಚೆ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳ ಮೇಲೆ ನಡೆಯುತ್ತಿದ್ದವಲ್ಲ, ಪುಟಕ್ಕೆ ಆ ಫಾಂಟು ಹೇಳಿದರೆ ಬರಹವೆಲ್ಲ ಕನ್ನಡವಾಗುತ್ತಿತ್ತು. ಆದರೆ ಗುಂಡಿ ಯಂತ್ರದ ಸ್ವತ್ತು ತಾನೇ? ಅದು ಪುಟದ ಫಾಂಟನ್ನು ಕೇಳುವುದಿಲ್ಲ, ಯಂತ್ರದ ಫಾಂಟನ್ನೇ ಹಾಕಿಕೊಳ್ಳುತ್ತದೆ. ಸುತ್ತ ಕನ್ನಡ, ಗುಂಡಿಯ ಮೇಲೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಇದರಿಂದ ತಪ್ಪಿಸಿಕೊಳ್ಳಲು ಗುಂಡಿಯ ಮೇಲಿನ ಕನ್ನಡವನ್ನು ಚಿತ್ರವಾಗಿ ಇಡುವುದೇ ಸುಲಭದ ದಾರಿಯಾಗಿತ್ತು. ಯುನಿಕೋಡ್ ಬಂದ ಮೇಲೂ ಗುಂಡಿಯ ಎತ್ತರವನ್ನು ಇಂಗ್ಲಿಷಿಗೆ ತಕ್ಕ ಹಾಗೆ ಕಟ್ಟಿದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. "ಮುಂದಕ್ಕೆ" ಎಂದು ಬರೆದರೆ ಕೆಳಗಿನ ಒತ್ತು ಮಾಯ.

ಇರಲಿ, ಸಿಎಸ್‌ಎಸ್ ವಿಷಯಕ್ಕೆ ಬರೋಣ. 1994ರ ಅಕ್ಟೋಬರ್ 10ರಂದು ಸರ್ನ್ ಸಂಸ್ಥೆಯಲ್ಲಿದ್ದ ನಾರ್ವೆಯ ಹೋಕುನ್ ವಿಯುಮ್ ಲೀ ಒಂದು ಪ್ರಸ್ತಾವ ಮುಂದಿಟ್ಟರು. ನನಗೆ ಆ ಹಳೆಯ ಪ್ರಸ್ತಾವದಲ್ಲಿ ಬಹಳ ಇಷ್ಟವಾದದ್ದು ಒಂದು ವಿಚಿತ್ರ ಶೇಕಡಾವಾರು ಲೆಕ್ಕ. ದೊಡ್ಡ ತಲೆಬರಹದ ಅಕ್ಷರ 24 ಪಾಯಿಂಟ್ ಇರಲಿ, ಈ ಮಾತಿಗೆ ನೂರಕ್ಕೆ ನೂರು ತೂಕ. ಎರಡನೆಯ ತಲೆಬರಹ 20 ಪಾಯಿಂಟ್ ಇರಲಿ, ಇದಕ್ಕೆ ನಲವತ್ತು ತೂಕ ಸಾಕು - ಹೀಗೆ. ಉಳಿದ ಅರವತ್ತು? ಅದು ಬೇರೆಯವರಿಗೆ, ಅಂದರೆ ಓದುಗನ ಇಷ್ಟಕ್ಕೂ ಜಾಗ ಬಿಟ್ಟಂತೆ. ಬರೆದವನೂ ಓದುವವನೂ ಕೂತು ಚೌಕಾಸಿ ಮಾಡಿ ಪುಟದ ರೂಪ ತೀರ್ಮಾನ ಮಾಡಬೇಕು ಎನ್ನುವುದು ಆಶಯ. ಕ್ಯಾಸ್ಕೇಡಿಂಗ್ ಎಂಬ ಹೆಸರಿನ ತಿರುಳೇ ಇದು.

ಶೇಕಡಾ ಲೆಕ್ಕ ಉಳಿಯಲಿಲ್ಲ. ಡಚ್ಚಿನ ಬರ್ಟ್ ಬೋಸ್ ಜೊತೆಗೂಡಿ ಸಿದ್ಧವಾದ ಸಿಎಸ್‌ಎಸ್ ಒಂದನೇ ಆವೃತ್ತಿ 1996ರ ಡಿಸೆಂಬರ್ 17ರಂದು ಡಬ್ಲ್ಯು3ಸಿ ಶಿಫಾರಸಾಗಿ ಹೊರಬಂತು. ಅದರಲ್ಲಿ ಹದಿನಾರು ಬಣ್ಣದ ಹೆಸರುಗಳು, ಹಿನ್ನೆಲೆ, ಅಂಚು ಎಲ್ಲ ಇದ್ದವು. ಔಟ್‌ಸೆಟ್ ಎಂಬ ಉಬ್ಬಿದ ಅಂಚೂ ಇತ್ತು, ಸಾಕ್ಷಾತ್ ನಮ್ಮ ಬೂದು ಗುಂಡಿಯ ಅಂಚು. ಯಾರ ಮಾತು ನಡೆಯಬೇಕು ಎನ್ನುವುದಕ್ಕೆ "ಇಂಪಾರ್ಟೆಂಟ್" ಎಂಬ ಒಂದು ಗುರುತು ಉಳಿಯಿತು. ಬರೆದವನೂ ಓದುಗನೂ ಇಬ್ಬರೂ "ಇಂಪಾರ್ಟೆಂಟ್" ಎಂದು ಹಟ ಹಿಡಿದರೆ? ಒಂದನೇ ಆವೃತ್ತಿಯಲ್ಲಿ ಬರೆದವನೇ ಗೆಲ್ಲುತ್ತಿದ್ದ. 1998ರ ಮೇ ತಿಂಗಳಲ್ಲಿ ಬಂದ ಎರಡನೇ ಆವೃತ್ತಿ ಇದನ್ನು ತಿರುವು ಮುರುವು ಮಾಡಿತು - ಕೊನೆಯ ಮಾತು ಓದುಗನದು. ಕಣ್ಣು ಮಂಜಾದವರಿಗೆ ತಮಗೆ ಬೇಕಾದ ಬಣ್ಣ ಹಾಕಿಕೊಳ್ಳುವ ಹಕ್ಕು ಇರಬೇಕು ಎನ್ನುವ ಕಾರಣಕ್ಕೆ. ಇಡೀ ಸಿಎಸ್‌ಎಸ್ ಚರಿತ್ರೆಯಲ್ಲಿ ಇಷ್ಟು ದೊಡ್ಡ ಮನಸ್ಸಿನ ತಿದ್ದುಪಡಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಅದೇ ಎರಡನೇ ಆವೃತ್ತಿಯಲ್ಲಿ ಇನ್ನೂ ಒಂದು ಇತ್ತು. ಬಟನ್‌ಫೇಸ್, ಬಟನ್‌ಟೆಕ್ಸ್ಟ್, ಬಟನ್‌ಹೈಲೈಟ್, ಬಟನ್‌ಶ್ಯಾಡೋ ಎಂಬ ಬಣ್ಣದ ಹೆಸರುಗಳು. ಕೆಂಪು, ನೀಲಿ ಅಂದರೆ ಎಲ್ಲ ಕಡೆ ಒಂದೇ. ಬಟನ್‌ಫೇಸ್ ಅಂದರೆ "ಓದುಗನ ಯಂತ್ರದಲ್ಲಿ ಗುಂಡಿಗೆ ಯಾವ ಬಣ್ಣವೋ ಅದು". ವಿಂಡೋಸ್ 95ರಲ್ಲಿ ಅದು 192-192-192, ವಿಂಡೋಸ್ 2000ದಲ್ಲಿ 212-208-200, ಎಕ್ಸ್‌ಪಿಯ ನೀಲಿ ಥೀಮಿನಲ್ಲಿ 236-233-216. ಹೆಸರು ಒಂದೇ, ಬಣ್ಣ ಅವರವರ ಮನೆಯದು. ಈ ಹೆಸರುಗಳನ್ನು ಮರೆಯಬೇಡಿ, ಕೊನೆಯಲ್ಲಿ ಮತ್ತೆ ಬರುತ್ತವೆ.

ಸರಿ, ಗುಂಡಿಗೆ ಬಣ್ಣ ಬಳಿಯಬಹುದೋ ಇಲ್ಲವೋ? ಇಲ್ಲಿ ನಿಯಮಾವಳಿಯವರು ಕೈ ಎತ್ತಿಬಿಟ್ಟರು. ಅರ್ಜಿಯ ಗುಂಡಿ, ಪೆಟ್ಟಿಗೆಗಳಿಗೆ ಯಾವ ಗುಣ ಅನ್ವಯಿಸುತ್ತದೆ ಎಂದು ನಾವು ಹೇಳುವುದಿಲ್ಲ, ಬ್ರೌಸರುಗಳು ಬೇಕಾದರೆ ಮಾಡಲಿ, ಬರೆಯುವವರು ಇದನ್ನು ಪ್ರಯೋಗ ಎಂದಷ್ಟೇ ತಿಳಿಯಲಿ - ಇದು ಸಿಎಸ್‌ಎಸ್ 2.1ರ ನಿಲುವು. ಆ ದಾಖಲೆ ಅಧಿಕೃತವಾದದ್ದು ಯಾವಾಗ ಗೊತ್ತೇ? 2011ರ ಜೂನ್! ಅಷ್ಟರಲ್ಲಿ ಲೋಕವೆಲ್ಲ ಗುಂಡಿಗೆ ಬಣ್ಣ ಬಳಿದು ಮುಗಿಸಿತ್ತು.

ಹೇಳುವವರಿಲ್ಲದ ಮೇಲೆ ಬ್ರೌಸರುಗಳು ತಮತಮಗೆ ತೋಚಿದ್ದು ಮಾಡಿದವು. ಎಕ್ಸ್‌ಪಿ ಕಾಲ ನೆನಪಿದೆಯಲ್ಲ? ಏನೂ ಮುಟ್ಟದೆ ಬಿಟ್ಟರೆ ಗುಂಡಿ ದುಂಡು ಮೂಲೆ, ಕೆನೆಬಣ್ಣದ ಹೊಳಪು, ಇಲಿ ಮೇಲೆ ಹೋದರೆ ಕಿತ್ತಳೆ ಅಂಚು ಅಂತ ಚೆಂದಾಗಿ ಇರುತ್ತಿತ್ತು. "ಸ್ವಲ್ಪ ಹಸಿರು ಮಾಡೋಣ" ಎಂದು ಸಿಎಸ್‌ಎಸ್ಸಿನಲ್ಲಿ ಬ್ಯಾಕ್‌ಗ್ರೌಂಡ್ ಕಲರ್ ಒಂದು ಸಾಲು ಬರೆದಿರೋ, ಮುಗೀತು. ಹೊಳಪು ಹೋಯಿತು, ದುಂಡು ಹೋಯಿತು, ವಿಂಡೋಸ್ 95ರ ಚೌಕ ಉಬ್ಬು ಹಸಿರು ಬಳಿದುಕೊಂಡು ವಕ್ಕರಿಸುತ್ತಿತ್ತು. ಬಣ್ಣ ಮುಟ್ಟಿದೆಯಾ, ಹಾಗಾದರೆ ಯಂತ್ರದ ಥೀಮು ನಿನಗಿಲ್ಲ ಎನ್ನುವ ಲೆಕ್ಕ. ನಾನು ನನ್ನ ಮೊದಲ ಬ್ಲಾಗಿನ ಟೆಂಪ್ಲೇಟಿನಲ್ಲಿ ಇದನ್ನು ಮಾಡಿ, ಹೆದರಿ, ಹಾಗೇ ವಾಪಸ್ ತೆಗೆದದ್ದುಂಟು. ಮ್ಯಾಕಿನ ಕಡೆ ಇನ್ನೊಂದು ಅತಿ. 2003ರ ಜನವರಿಯಲ್ಲಿ ಬಂದ ಸಫಾರಿ, ಗುಂಡಿಗೆ ನೀವು ಹೇಳಿದ ಬಣ್ಣವನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆಪಲಿನ ಆಕ್ವಾ ಗುಂಡಿಯೇ ಗತಿ. 2007ರ ಸಫಾರಿ 3ರ ತನಕ ಹೀಗೇ ನಡೆಯಿತು. ಸ್ವೀಡನ್ನಿನ ರೋಜರ್ ಯೋಹಾನ್ಸನ್ 2004ರಲ್ಲಿ ಒಂದೇ ಸಿಎಸ್‌ಎಸ್ ಬೇರೆ ಬೇರೆ ಬ್ರೌಸರುಗಳಲ್ಲಿ ಹೇಗೆ ಕಾಣುತ್ತದೆ ಎಂದು ಪರದೆಯ ಚಿತ್ರಗಳನ್ನು ಸಾಲಾಗಿ ಇಟ್ಟು ತೋರಿಸಿದ್ದರು. ಒಂದರ ಹಾಗೆ ಇನ್ನೊಂದಿಲ್ಲ.

ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಕತೆ ಹೇಳದಿದ್ದರೆ ಪುರಾಣ ಪೂರ್ತಿಯಾಗದು. ಇಲಿ ಮೇಲೆ ಬಂದಾಗ ಬಣ್ಣ ಬದಲಿಸುವ ಹೋವರ್ ಎಂಬ ಸವಲತ್ತು ಅದರಲ್ಲಿ ಕೊಂಡಿಗಳಿಗೆ ಮಾತ್ರ. ಗುಂಡಿಗೆ ಇಲ್ಲ! ಹೀಗಾಗಿ ಜನ ನಿಜವಾದ ಗುಂಡಿಯನ್ನೇ ಬಿಟ್ಟು ಕೊಂಡಿಗೆ ಗುಂಡಿಯ ವೇಷ ಹಾಕಲು ಶುರುಮಾಡಿದರು. ಹಾಗೂ ಬೇಡವೆಂದವರು ಪ್ರತಿ ಗುಂಡಿಗೂ ಜಾವಾಸ್ಕ್ರಿಪ್ಟ್ ಬಾಲ ಕಟ್ಟಿದರು.

ಇದೇ ಸಮಯಕ್ಕೆ ಹೊಳೆಯುವ ಗುಂಡಿಯ ಗೀಳು. 2000ದಲ್ಲಿ ಸ್ಟೀವ್ ಜಾಬ್ಸ್ ಆಕ್ವಾ ತೋರಿಸಿದ ಮೇಲೆ ಎಲ್ಲರಿಗೂ ಜೆಲ್ಲಿ ಮಿಠಾಯಿಯಂಥ ಗುಂಡಿಯೇ ಬೇಕು. ಸಿಎಸ್‌ಎಸ್ಸಿಗೆ ದುಂಡು ಮೂಲೆಯೂ ಗೊತ್ತಿಲ್ಲ, ಬಣ್ಣ ಮೇಲಿಂದ ಕೆಳಗೆ ತಿಳಿಯಾಗುತ್ತಾ ಹೋಗುವುದೂ ಗೊತ್ತಿಲ್ಲ. 2003ರ ಅಕ್ಟೋಬರಿನಲ್ಲಿ ಡಗ್ಲಸ್ ಬೌಮನ್ "ಸ್ಲೈಡಿಂಗ್ ಡೋರ್ಸ್" ಎಂಬ ಉಪಾಯ ಬರೆದರು. ಎಡ ತುದಿಗೊಂದು ಚಿತ್ರ, ಬಲಕ್ಕೆ ಇನ್ನೊಂದು ಉದ್ದನೆಯ ಚಿತ್ರ, ಅಕ್ಷರ ಹೆಚ್ಚಾದರೆ ಎರಡೂ ಜಾರು ಬಾಗಿಲಿನ ಹಾಗೆ ಸರಿದುಕೊಳ್ಳುತ್ತವೆ. ಅವರು ಬರೆದದ್ದು ಟ್ಯಾಬುಗಳಿಗೆ, ಜನ ಗುಂಡಿಗಳಿಗೂ ಎಳೆದುಕೊಂಡರು. ಮರುವರ್ಷ ಮಾರ್ಚಿನಲ್ಲಿ ಡೇವ್ ಶೇ ಸ್ಪ್ರೈಟ್ ಎಂಬುದನ್ನು ವಿವರಿಸಿದರು: ಸಾಮಾನ್ಯ ಬಣ್ಣ, ಇಲಿ ಬಂದಾಗಿನ ಬಣ್ಣ, ಒತ್ತಿದಾಗಿನ ಬಣ್ಣ ಮೂರನ್ನೂ ಒಂದೇ ಚಿತ್ರದಲ್ಲಿ ಪೇರಿಸಿಟ್ಟು ಬೇಕಾದ ತುಂಡನ್ನು ಮಾತ್ರ ತೋರಿಸುವುದು. ನಮ್ಮ ಡಯಲಪ್ ಕಾಲದಲ್ಲಿ ಇಲಿ ಗುಂಡಿಯ ಮೇಲೆ ಹೋದಾಗ ಎರಡನೇ ಚಿತ್ರ ಇಳಿಯುವ ತನಕ ಗುಂಡಿಯೇ ಕಾಣೆಯಾಗುತ್ತಿದ್ದುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಆಮೇಲೆ 2011ರ ಮಾರ್ಚಿನಲ್ಲಿ ಎಕ್ಸ್‌ಪ್ಲೋರರ್ 9 ಮತ್ತು ಫೈರ್‌ಫಾಕ್ಸ್ 4 ಬರುವ ಹೊತ್ತಿಗೆ ದುಂಡು ಮೂಲೆ ಎಲ್ಲ ಮುಖ್ಯ ಬ್ರೌಸರುಗಳಿಗೂ ದಕ್ಕಿತ್ತು. ಬಣ್ಣದ ಇಳಿಜಾರಿಗೆ ಮಾತ್ರ ವೆಬ್‌ಕಿಟ್ಟಿಗೊಂದು ಸಾಲು, ಮೊಜಿಲ್ಲಾಗೊಂದು, ಒಪೆರಾಗೊಂದು, ಎಕ್ಸ್‌ಪ್ಲೋರರಿಗೆ ಫಿಲ್ಟರ್ ಎಂಬ ಮಂತ್ರದ ಒಂದು ಉದ್ದ ಸಾಲು ಬರೆಯಬೇಕಿತ್ತು. ಒಂದು ಗುಂಡಿಗೆ ಮೈತುಂಬಾ ಇಪ್ಪತ್ತು ಸಾಲು! ಆ ವರ್ಷ ಆಗಸ್ಟಿನಲ್ಲಿ ಟ್ವಿಟರಿನ ಮಾರ್ಕ್ ಆಟೊ ಮತ್ತು ಜೇಕಬ್ ಥಾರ್ನ್‌ಟನ್ "ಬೂಟ್‌ಸ್ಟ್ರಾಪ್" ಅನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದೇ ತಡ, ಜನ ಮುಗಿಬಿದ್ದದ್ದು ಇದೇ ಕಾರಣಕ್ಕೆ. ಪ್ರೈಮರಿ ಅಂದರೆ ನೀಲಿ, ಸಕ್ಸೆಸ್ ಅಂದರೆ ಹಸಿರು, ಡೇಂಜರ್ ಅಂದರೆ ಕೆಂಪು. ಗುಂಡಿಯ ಬಣ್ಣಕ್ಕೆ ಒಂದು ಅರ್ಥವನ್ನೂ ಕಟ್ಟಿಕೊಟ್ಟರು. ಎರಡು ವರ್ಷದ ನಂತರ, 2013ರಲ್ಲಿ, ಐಫೋನಿನ ಐಒಎಸ್ 7 ಮತ್ತು ಬೂಟ್‌ಸ್ಟ್ರಾಪ್ 3 ಎರಡೂ ಹೊಳಪು ಒರೆಸಿ ಚಪ್ಪಟೆ ಮಾಡಿದವು. ಉಬ್ಬು ಹೋಯಿತು, ನೆರಳು ಹೋಯಿತು. ಇನ್ನು ಗುಂಡಿಯನ್ನು ಗುಂಡಿ ಎಂದು ಹೇಳಲು ಉಳಿದದ್ದು ಬಣ್ಣ ಒಂದೇ.

ಈ ಬೂಟ್‌ಸ್ಟ್ರಾಪ್ 3ರಲ್ಲಿ ವಾರ್ನಿಂಗ್ ಗುಂಡಿ ಅಂತ ಒಂದಿತ್ತು. ಕೆಂಪು 240, ಹಸಿರು 173, ನೀಲಿ 78 - ಚೆಂದದ ಕಿತ್ತಳೆ. ಮೇಲೆ ಬಿಳಿ ಅಕ್ಷರ. 2008ರ ಡಿಸೆಂಬರಿನಲ್ಲೇ ಡಬ್ಲ್ಯು3ಸಿ ಒಂದು ಅಳತೆ ಕೊಟ್ಟಿತ್ತು: ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅನುಪಾತ ಕಡಿಮೆಯೆಂದರೆ 4.5 ಇರಬೇಕು, ದೊಡ್ಡ ಅಕ್ಷರವಾದರೆ 3 ಸಾಕು. ಬಿಳಿಯ ಮೇಲೆ ಕಪ್ಪು ಅಂದರೆ 21, ಅದೇ ಗರಿಷ್ಠ. ನಾನು ಕಾಗದ ಪೆನ್ಸಿಲು ಹಿಡಿದು ಆ ಕಿತ್ತಳೆಯ ಲೆಕ್ಕ ಹಾಕಿದೆ. ಬಿಳಿ ಅಕ್ಷರಕ್ಕೆ ಬಂದದ್ದು ಸುಮಾರು 1.9! ಅದೇ ಕಿತ್ತಳೆಯ ಮೇಲೆ ಕಪ್ಪು ಅಕ್ಷರ ಹಾಕಿದ್ದರೆ 10.8. ಬಣ್ಣ ಬದಲಿಸುವ ಅಗತ್ಯವೇ ಇರಲಿಲ್ಲ, ಅಕ್ಷರ ಕಪ್ಪಾಗಿದ್ದರೆ ಸಾಕಿತ್ತು. 2018ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಅವರೇ ಹಾಗೆ ತಿದ್ದಿಕೊಂಡರು. ಆದರೆ ಕಿತ್ತಳೆಯ ಮೇಲೆ ಬಿಳಿ ಬರೆಯುವ ಚಟ ಎಲ್ಲ ಕಡೆಯೂ ಇದೆ. ಅಪ್ಪನ ಅರ್ಜಿಯ ಗುಂಡಿಯ ಅಂಕಿಗಳನ್ನೂ ತೆಗೆದು ನೋಡಿದೆ, ಎರಡರ ಗಡಿ ದಾಟಲಿಲ್ಲ.

ಬೇರೆಯವರನ್ನು ಅಂದು ಪ್ರಯೋಜನವಿಲ್ಲ, ನನ್ನದೂ ಒಂದು ಪಾಪ ಇದೆ. ಕೀಲಿಮಣೆಯಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ಈಗ ಯಾವ ಗುಂಡಿಯ ಮೇಲೆ ಇದ್ದೇವೆ ಎಂದು ತೋರಿಸಲು ಬ್ರೌಸರು ಸುತ್ತ ಒಂದು ಗೆರೆ ಎಳೆಯುತ್ತದಲ್ಲ, ಔಟ್‌ಲೈನ್, ಅದು ನಮಗೆಲ್ಲ ಕಣ್ಣಿಗೆ ಚುಚ್ಚುತ್ತಿತ್ತು. ಎರಿಕ್ ಮೇಯರ್ 2007ರಲ್ಲಿ ಪ್ರಕಟಿಸಿದ ರೀಸೆಟ್ ಸಿಎಸ್‌ಎಸ್ಸಿನಲ್ಲಿ ಅದನ್ನು ಸೊನ್ನೆ ಮಾಡುವ ಸಾಲು ಇತ್ತು, ಪಕ್ಕದಲ್ಲೇ ನಿಮ್ಮದೇ ಗುರುತು ಹಾಕಲು ಮರೆಯಬೇಡಿ ಎಂಬ ಟಿಪ್ಪಣಿಯೂ ಇತ್ತು. ನಾವು ಸಾಲನ್ನು ನಕಲು ಮಾಡಿದೆವು, ಟಿಪ್ಪಣಿಯನ್ನು ಮರೆತೆವು. ಇಲಿ ಹಿಡಿಯಲಾಗದ, ಕೀಲಿಮಣೆಯನ್ನೇ ನಂಬಿದವರು ನಮ್ಮ ಪುಟಗಳಲ್ಲಿ ಕತ್ತಲೆಯಲ್ಲಿ ತಡಕಾಡಿದರು. ಮೇಯರ್ 2011ರಲ್ಲಿ ಆ ಸಾಲನ್ನೇ ಕಿತ್ತುಹಾಕಿದರು. ನಾನು ತೆಗೆದದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಇಲಿಯವರಿಗೆ ಗೆರೆ ಕಾಣದೆ, ಕೀಲಿಮಣೆಯವರಿಗೆ ಮಾತ್ರ ಕಾಣುವ ಹಾಗೆ ಮಾಡುವ ಫೋಕಸ್-ವಿಸಿಬಲ್ ಎಂಬ ಉಪಾಯ ಎಲ್ಲ ಬ್ರೌಸರುಗಳಿಗೂ ಬಂದದ್ದು 2022ರಲ್ಲಿ.

ಇನ್ನು ಆ ಓದುಗನ ಹಕ್ಕು ಏನಾಯಿತು? ಕಾಗದದ ಮೇಲೆ ಇದೆ, ಇಂದಿಗೂ ಓದುಗನ "ಇಂಪಾರ್ಟೆಂಟ್" ಗೆಲ್ಲುತ್ತದೆ. ಆದರೆ ಬರೆಯಲು ಜಾಗ ಎಲ್ಲಿ? ಕ್ರೋಮ್ 2014ರಲ್ಲಿ ಓದುಗ ತನ್ನ ಸಿಎಸ್‌ಎಸ್ ಇಡುತ್ತಿದ್ದ ಕಡತವನ್ನೇ ತೆಗೆದುಹಾಕಿತು. ಫೈರ್‌ಫಾಕ್ಸ್ 2019ರಲ್ಲಿ ಅದನ್ನು ಸೆಟ್ಟಿಂಗಿನ ಒಳಗೆ ಮುಚ್ಚಿಟ್ಟಿತು. ಎಕ್ಸ್‌ಟೆನ್ಷನ್ ಹಾಕಿಕೊಳ್ಳಬಹುದು ನಿಜ, ಶಿವಮೊಗ್ಗದಲ್ಲಿ ಕೂತ ಅಪ್ಪನಿಗೆ ಅದನ್ನು ಫೋನಿನಲ್ಲಿ ಹೇಳಿಕೊಡಿ ನೋಡೋಣ.

ಹಕ್ಕು ಹಿತ್ತಲ ಬಾಗಿಲಿನಿಂದ ವಾಪಸ್ ಬಂದಿದೆ. ವಿಂಡೋಸಿನಲ್ಲಿ ಕಾಂಟ್ರಾಸ್ಟ್ ಥೀಮ್ ಹಾಕಿದರೆ, ಬ್ರೌಸರು ಪುಟ ಬರೆದವನ ಬಣ್ಣಗಳನ್ನೆಲ್ಲ ಬದಿಗಿಟ್ಟು ಓದುಗ ಆರಿಸಿದ ಕೆಲವೇ ಬಣ್ಣಗಳನ್ನು ಹೇರುತ್ತದೆ. ಫೋರ್ಸ್ಡ್ ಕಲರ್ಸ್ ಅಂತ ಇದಕ್ಕೆ ಹೆಸರು. ಆಗ ಗುಂಡಿಗೆ ಬರುವ ಬಣ್ಣ ಯಾವುದು? ಬಟನ್‌ಫೇಸ್. ಅಕ್ಷರಕ್ಕೆ ಬಟನ್‌ಟೆಕ್ಸ್ಟ್. 1998ರಲ್ಲಿ ಬಂದು, ಮೂರನೇ ಹಂತದ ಬಣ್ಣದ ನಿಯಮಾವಳಿಯಲ್ಲಿ "ಇನ್ನು ಬಳಸಬೇಡಿ" ಎಂದು ಮೂಲೆಗೆ ಸೇರಿದ್ದ ಆ ಹೆಸರುಗಳೇ! ನಾಲ್ಕನೇ ಹಂತದಲ್ಲಿ ಅವಕ್ಕೆ ಮರುಜೀವ ಬಂದು ಜೊತೆಗೆ ಬಟನ್‌ಬಾರ್ಡರ್ ಎಂಬ ತಂಗಿಯೂ ಹುಟ್ಟಿದ್ದಾಳೆ. ಒಂದೇ ಷರತ್ತು, ಗುಂಡಿ ನಿಜವಾದ ಗುಂಡಿಯಾಗಿರಬೇಕು. ಡಿವ್ ಎಂಬ ಖಾಲಿ ಡಬ್ಬಿಗೆ ಬಣ್ಣ ಬಳಿದು ಗುಂಡಿ ಎಂದು ಕೂರಿಸಿದ್ದರೆ ಬಣ್ಣ ಹೋದ ಮೇಲೆ ಅಂಚೂ ಇಲ್ಲ, ಗುಂಡಿಯೂ ಇಲ್ಲ, ಅಕ್ಷರ ಮಾತ್ರ ಅನಾಥವಾಗಿ ನಿಂತಿರುತ್ತದೆ. ನಿಮ್ಮಲ್ಲಿ ಟೆಂಪ್ಲೇಟು ತಿದ್ದುವವರು ಯಾರಾದರೂ ಇದ್ದರೆ ಒಂದು ಚಿಕ್ಕ ಉಪಾಯ: ಅಂಚು ಬೇಡವೆನಿಸಿದರೂ ಎರಡು ಪಿಕ್ಸೆಲ್ಲಿನ ಟ್ರಾನ್ಸ್‌ಪರೆಂಟ್ ಅಂಚು ಇಟ್ಟಿರಿ. ಸಾಮಾನ್ಯರಿಗೆ ಕಾಣುವುದಿಲ್ಲ, ಬೇಕಾದವರಿಗೆ ಥೀಮು ಅದಕ್ಕೆ ಬಣ್ಣ ತುಂಬಿಕೊಡುತ್ತದೆ.

ನಿನ್ನೆ ಸಂಜೆ ಅಪ್ಪನಿಗೆ ಫೋನ್ ಮಾಡಿ, ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಮೂರನ್ನೂ ಒಟ್ಟಿಗೆ ಒತ್ತಿಸಿದೆ. ಮೂರನೇ ಪ್ರಯತ್ನಕ್ಕೆ ಪರದೆ ಕಪ್ಪಾಯಿತಂತೆ. "ಏನೋ ಕೆಡಿಸಿಬಿಟ್ಟೆಯಲ್ಲೋ" ಎಂದು ಮೊದಲು ಗಾಬರಿ. ಆಮೇಲೆ ಅದೇ ಅರ್ಜಿಯ ಪುಟ ತೆರೆದು ಕೆಳಗೆ ಹೋಗಲು ಹೇಳಿದೆ. ಆ ಪುಟ ಬರೆದ ಪುಣ್ಯಾತ್ಮ ಬಣ್ಣ ಹೇಗೆ ಬಳಿದಿದ್ದರೂ ನಿಜವಾದ ಗುಂಡಿಯನ್ನೇ ಇಟ್ಟಿದ್ದ.

"ಹಾಂ, ಇಲ್ಲಿದೆ ನೋಡು. ಸುತ್ತ ಗೆರೆ ಇದೆ. ಸಬ್‌ಮಿಟ್ ಅಂತ ಬರೆದಿದೆ. ಒತ್ತಲಾ?"

"ಒತ್ತಿ ಅಪ್ಪಾ."